ಕಾಯಿ ಎಣಿಸುವಾಗ ಮಾತಾಡಿದವರು

ಈ ಜೂನ್‌ನಿಂದ ಅವರು ಕಾಲೇಜಿಗೆ ಬರುತ್ತಿಲ್ಲ. ಬೀಳ್ಕೊಡುಗೆ ಅಂತ ಏನೂ ನಡೆಯಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಇವೆಲ್ಲ ನಮ್ಮಂಥ ಕಾಯಂ ನೌಕರರಿಗೆ. ಅತಿಥಿ ಉಪನ್ಯಾಸಕರು ಹೆಸರಿಗೆ ತಕ್ಕಂತೆ ಅತಿಥಿಗಳು. ವರ್ಷ ವರ್ಷ ಹೊಸದಾಗಿ ಬರುತ್ತಾರೆ, ವರ್ಷ ವರ್ಷ ಹೋಗುತ್ತಾರೆ. ಅದೇ ಅತಿಥಿ ಎಷ್ಟೋ ವರ್ಷ ಹಾಗೆ ಬಂದು ಹೋಗುತ್ತಿದ್ದರೆ ಯಾವುದು ಕೊನೆಯ ಸಲ ಎಂದು ಕಾಲೇಜಿಗೆ ತಿಳಿಯುವುದಾದರೂ ಹೇಗೆ. ಪ್ರಾಂಶುಪಾಲರು ನನ್ನನ್ನು ಕರೆದು, ಮೇಡಂಗೆ ಮಂಡಿನೋವಂತೆ, ಬಸ್ಸು ಹತ್ತಲು ಆಗುವುದಿಲ್ಲವಂತೆ, ಅವರ ತರಗತಿಗಳನ್ನೂ ನೀವೇ ನೋಡಿಕೊಳ್ಳಿ ಎಂದರು. ನಾನು ಬಹಳ ಕಾಲದಿಂದ ಕಾಯುತ್ತಿದ್ದ ಮಾತು ಅದು. ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು. ಆ ಖುಷಿ ಅವರ ತರಗತಿಗೆ ಕಾಲಿಟ್ಟು, ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು "ಮೇಡಂ ಯಾವಾಗ ಬರ್ತಾರೆ ಸಾರ್?" ಎಂದು ಕೇಳುವ ತನಕ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ಹೆಸರನ್ನು ತಿಪಟೂರಿನಲ್ಲಿ ಬೇಕಾದಷ್ಟು ಜನ ಹೇಳುತ್ತಾರೆ. ನನ್ನ ಬಾಯಿಯೂ ಸೇರುವುದು ಬೇಡ.

ಅವರು ಬರುವ ಮೊದಲು ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಎಂದರೆ ನಾನು. ಹತ್ತು ವರ್ಷದ ಮೇಲೆ ಅದೇ ಕೊಠಡಿ, ಅದೇ ಕಪ್ಪು ಹಲಗೆ, ಅದೇ ನಾನು. ಕಪ್ಪೆಯ ರಕ್ತಪರಿಚಲನೆಯನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬರೆದರೆ ಮುಂದಿನ ಅವಧಿಯ ಮೇಷ್ಟ್ರು ಅಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹತ್ತಿರ ಒಂದು ಬೀಗವಿತ್ತು. ಅಂಗೈ ಅಗಲದ ಹಿತ್ತಾಳೆ ಬೀಗ, ನಮ್ಮ ತಾತನ ಕಾಲದ್ದು. ನರಕೋಶದ ಪಾಠ ಬಂದಾಗ ಅದನ್ನು ಜೇಬಿನಿಂದ ತೆಗೆಯುತ್ತಿದ್ದೆ. ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಈ ಕಡೆಯ ಕೋಶ ಬಿಟ್ಟ ರಾಸಾಯನಿಕ ಸಂದು ದಾಟಿ ಹೋಗಿ ಆ ಕಡೆಯ ಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕವೇ ಬೀಗ, ರಾಸಾಯನಿಕವೇ ಬೀಗದ ಕೈ. ಇಷ್ಟು ಹೇಳಿ ಕೈ ತಿರುಗಿಸುತ್ತಿದ್ದೆ. ಬೀಗ ಟಕ್ ಎಂದು ಬಿಚ್ಚಿಕೊಳ್ಳುತ್ತಿತ್ತು. ಮಕ್ಕಳು ನನ್ನನ್ನು ಬೀಗದ ಮೇಷ್ಟ್ರು ಎಂದೇ ಕರೆಯುತ್ತಿದ್ದರು, ಅದು ನನಗೆ ಗೊತ್ತಿತ್ತು, ಇಷ್ಟವೂ ಆಗಿತ್ತು.

ಅವರು ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಐವತ್ತಕ್ಕೆ ಹತ್ತಿರದ ವಯಸ್ಸು. ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಮಿದುಳಿನ ಮೇಲೆ ಕೆಲಸ ಮಾಡುವವರ ಪ್ರಯೋಗಶಾಲೆಯಲ್ಲಿ ಬಹಳ ವರ್ಷ ಇದ್ದವರು. ಗಂಡನ ಮನೆ ಹೊನ್ನವಳ್ಳಿ. ಭಾವ ತೀರಿಕೊಂಡ ಮೇಲೆ ತೋಟ ನೋಡುವವರಿಲ್ಲವೆಂದು ಗಂಡ ಊರಿಗೆ ಬಂದರು, ಅದೇ ಹೊತ್ತಿಗೆ ಇವರ ಪ್ರಯೋಗಶಾಲೆಯ ಯೋಜನೆಯೂ ಮುಗಿದಿತ್ತು, ಇವರೂ ಹಿಂದೆಯೇ ಬಂದರು. ಪಿಎಚ್‌ಡಿ ಮಾಡಿರಲಿಲ್ಲ. ಯಾಕೆ ಎಂದು ಕೇಳಿದರೆ ನಕ್ಕು, "ಇಲಿಗಳನ್ನ ನೋಡ್ಕೊಳ್ಳೋದ್ರಲ್ಲೇ ಹೊತ್ತು ಹೋಯ್ತು" ಎನ್ನುತ್ತಿದ್ದರು. ಅವರಿಗೆ ಪಿಎಚ್‌ಡಿ ಇಲ್ಲ ಎಂಬುದು ಆ ವರ್ಷಗಳಲ್ಲಿ ನನಗಿದ್ದ ದೊಡ್ಡ ಸಮಾಧಾನ. ನನಗೂ ಇರಲಿಲ್ಲ, ಆ ಮಾತು ಬೇರೆ.

ಎತ್ತರದ ಆಳು. ಬಸ್ಸಿಳಿದು ಬರುವಾಗ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಿದ್ದರು, ಸೀರೆಯ ನೆರಿಗೆಗೆ ಆ ಹೆಜ್ಜೆ ಹೊಂದುತ್ತಿರಲಿಲ್ಲ. ಕೈಯಲ್ಲಿ ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಊಟದ ಡಬ್ಬಿ, ಜೊತೆಗೆ ಹಳೆಯ ಸ್ನೇಹಿತೆಯೊಬ್ಬರು ಬೆಂಗಳೂರಿನಿಂದ ಅಂಚೆಯಲ್ಲಿ ಕಳಿಸುತ್ತಿದ್ದ ಸಂಶೋಧನಾ ಲೇಖನಗಳ ಜೆರಾಕ್ಸ್ ಪ್ರತಿಗಳು. ಸಾರು ಚೆಲ್ಲಿ ಎಷ್ಟೋ ಪುಟಗಳ ಅಂಚು ಹಳದಿಯಾಗಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಉಳಿದವರು ಕೊಬ್ಬರಿ ರೇಟು ಮಾತಾಡುತ್ತಿದ್ದರೆ ಇವರು ಆ ಹಳದಿ ಪುಟಗಳನ್ನು ಓದುತ್ತಾ ತಮ್ಮಷ್ಟಕ್ಕೆ ನಗುತ್ತಿದ್ದರು. ಓದುತ್ತಾ ನಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅಲ್ಲಿ ಏನಿದೆ ಎಂದು ನಾವು ಕೇಳಬೇಕು, ಅವರು ಹೇಳಬೇಕು, ನಾವು ತಲೆಯಾಡಿಸಬೇಕು.

ಬಂದ ವರ್ಷವೇ ನರಕೋಶದ ಪಾಠ ಅವರ ಪಾಲಿಗೆ ಹೋಯಿತು. ಒಂದು ದಿನ ನನ್ನ ಹತ್ತಿರ ಬಂದು, ಸಾರ್, ನಿಮ್ಮ ಬೀಗ ಕೊಡುತ್ತೀರಾ ಎಂದು ಕೇಳಿದರು. ನನ್ನ ಬೀಗದ ಕೀರ್ತಿ ಅವರ ಕಿವಿಗೂ ಬಿದ್ದಿದೆಯಲ್ಲ ಎಂದು ಹಿಗ್ಗಿ ಕೊಟ್ಟೆ. ಕೊಟ್ಟವನು ಸುಮ್ಮನಿರಬೇಕಿತ್ತು. ಹೋಗಿ ಕಾರಿಡಾರಿನ ಕಿಟಕಿಯ ಪಕ್ಕ ನಿಂತೆ.

ಅವರು ಬೀಗ ಎತ್ತಿ ಹಿಡಿದು, ನಿಮ್ಮ ಸಾರ್ ಬೀಗ ಬಹಳ ಚೆನ್ನಾಗಿದೆ, ಆದರೆ ಇದು ಅವರ ಜೇಬಿನಲ್ಲೇ ಇದ್ದರೆ ಯಾರ ಮನೆ ಕಾಯುತ್ತದೆ ಎಂದು ಕೇಳಿದರು. ಹುಡುಗರು ಗೊಳ್ಳೆಂದು ನಕ್ಕರು. ಬೀಗ ತಯಾರಾಗುವುದು ಒಳಗೆ, ಬೇಕಾಗಿರುವುದು ಬಾಗಿಲಿನ ಮೇಲೆ. ಒಳಗಿನಿಂದ ಅದನ್ನು ಕೈಹಿಡಿದು ಕರೆತಂದು ಬಾಗಿಲಿಗೆ ಹಾಕುವವರು ಬೇರೆ ಇರುತ್ತಾರೆ, ಅವರು ಬಾರದಿದ್ದರೆ ಗ್ರಾಹಕ ಕೋಶದ ಒಳಗೇ ಬಿದ್ದಿರುತ್ತದೆ, ಹೊರಗಿನಿಂದ ಎಷ್ಟು ಬೀಗದ ಕೈ ಬಂದರೂ ಪ್ರಯೋಜನವಿಲ್ಲ ಎಂದರು. ಆಮೇಲೆ ಕೊಠಡಿಯ ಬಾಗಿಲಿನ ಹತ್ತಿರ ಹೋದರು. ಆ ಬಾಗಿಲಿನ ಕೀಲು ಓರೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಮ್ಮ ಜವಾನ ಯಾವತ್ತೋ ಮಟ್ಟೆ ಸಮೇತದ ಒಂದು ಒಣ ತೆಂಗಿನಕಾಯಿಯನ್ನು ಅಡ್ಡ ಇಟ್ಟಿದ್ದ. ಅವರು ಕಾಲಿನಿಂದ ಆ ಕಾಯಿಯನ್ನು ಆಚೆ ಸರಿಸಿದರು. ಬಾಗಿಲು ಕಿರ್ರೆಂದು ಬಂದು ಧಡ್ ಎಂದು ಮುಚ್ಚಿತು. ತೆರೆದು ಕಾಯಿಯನ್ನು ಮತ್ತೆ ಇಟ್ಟರು. ಬಾಗಿಲು ನಿಂತಿತು.

"ಬೀಗದ ಕೈ ಬಾಗಿಲು ತೆಗೀತು, ಸರಿ. ಎಷ್ಟು ಹೊತ್ತು ತೆಗೆದಿರ್ಬೇಕು ಅಂತ ಹೇಳೋದು ಯಾರು? ಈ ಕಾಯಿ. ಇದು ಬಾಗಿಲೂ ಅಲ್ಲ, ಬೀಗವೂ ಅಲ್ಲ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಇನ್ನೂ ಜಾಗ ಕೊಟ್ಟಿಲ್ಲ."

ಗ್ರಾಹಕಗಳ ಜೊತೆಗಿರುವ ಸಹಾಯಕ ಪ್ರೋಟೀನುಗಳು ಎಂದು ಹಲಗೆಯ ಮೇಲೆ ಬರೆದರು. ಗ್ರಾಹಕವನ್ನು ಕೋಶದ ಮೈಮೇಲೆ ತಂದು ನಿಲ್ಲಿಸುವುದು, ತೆರೆದ ಬಾಗಿಲು ತಕ್ಷಣ ಮುಚ್ಚಿಹೋಗದಂತೆ ನೋಡಿಕೊಳ್ಳುವುದು, ಎರಡೂ ಅವುಗಳ ಕೆಲಸ. ಇದು ಈಗೀಗ ಗೊತ್ತಾಗುತ್ತಿರುವ ವಿಷಯ, ನೀವು ಎಂಎಸ್ಸಿಗೆ ಹೋಗುವ ಹೊತ್ತಿಗೆ ಪಾಠವಾಗಿರುತ್ತದೆ ಎಂದರು. ನಾನು ಹತ್ತು ವರ್ಷ ಆ ಕಾಯಿಯನ್ನು ದಾಟಿಕೊಂಡೇ ಪಾಠಕ್ಕೆ ಹೋಗಿದ್ದೆ. ನನ್ನ ಬೀಗದಿಂದಲೇ ನನ್ನನ್ನು ಹೊಡೆದರಲ್ಲ ಎಂದು ಮೈಯೆಲ್ಲ ಉರಿಯಿತು. ಸಂಜೆ ಬೀಗವನ್ನು ವಾಪಸ್ಸು ತಂದುಕೊಟ್ಟು, ಪಾಠ ಚೆನ್ನಾಗಿ ಬಂತು ಸಾರ್, ನಿಮ್ಮ ಬೀಗ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದರು. ಅದರಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಅದು ಇನ್ನೂ ಕೆಟ್ಟದಾಯಿತು.

ಅಂದಿನಿಂದ ಅವರು ಕಾಯಿ ಮೇಡಂ.

ಅವರದೊಂದು ಮಾತಿತ್ತು: "ಜೊತೇಲಿ ಯಾರಿದ್ರು?" ಯಾರು ಏನೇ ಹೇಳಲಿ, ಕೊನೆಗೆ ಈ ಪ್ರಶ್ನೆ. ಹುಡುಗನೊಬ್ಬ ರ‍್ಯಾಂಕ್ ಹತ್ತಿರ ಬಂದ ಎಂದರೆ ಜೊತೇಲಿ ಯಾರಿದ್ರು. ಯಾರೋ ಬೈಕಿನಿಂದ ಬಿದ್ದರು ಎಂದರೂ ಜೊತೇಲಿ ಯಾರಿದ್ರು. ಪೊಲೀಸರ ಹಾಗೆ ಕೇಳುತ್ತೀರಲ್ಲ ಮೇಡಂ ಎಂದು ಎಲ್ಲರೂ ಚುಡಾಯಿಸುತ್ತಿದ್ದರು. ಒಮ್ಮೆ ಊರಿನ ಸಂಘವೊಂದು ನನಗೆ ಉತ್ತಮ ಶಿಕ್ಷಕ ಎಂದು ಸನ್ಮಾನ ಮಾಡಿತು. ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದೆ. ಇವರು ಒಂದು ತುಂಡು ಬಾಯಿಗಿಟ್ಟುಕೊಂಡು, "ಬೆಳಿಗ್ಗೆ ಬೇಗ ಎದ್ದು ನಿಮಗೆ ತಿಂಡಿ ಮಾಡೋರು ಯಾರು ಸಾರ್?" ಎಂದು ಕೇಳಿದರು. ಹೆಂಡತಿ ಎಂದೆ. ಹಾಗಾದರೆ ಅವರಿಗೂ ಒಂದು ತುಂಡು ಇಡಿ ಎಂದು ಇನ್ನೊಂದನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಹೆಂಡತಿಗೆ ಕೊಟ್ಟರೆ ಅವಳು, ನಿಮ್ಮ ಕಾಲೇಜಿನಲ್ಲಿ ಒಬ್ಬರಿಗಾದರೂ ಬುದ್ಧಿ ಇದೆ ಎಂದಳು. ನನ್ನ ಸನ್ಮಾನದ ದಿನವೂ ಮನೆಯಲ್ಲಿ ಅವರದೇ ಮಾತಾಯಿತು.

ಇಲಿಯ ವಿಷಯ ಹೇಳಬೇಕು. ಅವರು ಬೆಂಗಳೂರಿನಲ್ಲಿ ನೋಡಿಕೊಳ್ಳುತ್ತಿದ್ದದ್ದು ಒಂದು ವಿಚಿತ್ರ ತಳಿಯ ಇಲಿಗಳನ್ನು. ಹುಟ್ಟಿನಿಂದಲೇ ಅವಕ್ಕೆ ಒಂದು ಸಹಾಯಕ ಪ್ರೋಟೀನು ಇರುವುದಿಲ್ಲ. ಬೇರೆಲ್ಲ ಇದೆ, ಗ್ರಾಹಕವೂ ತಯಾರಾಗುತ್ತದೆ, ಆದರೆ ಕಿರುಮೆದುಳಿನ ಕೆಲವು ಕೋಶಗಳಲ್ಲಿ ಅದು ಮೈಮೇಲೆ ಬರುವುದೇ ಇಲ್ಲ. ಆ ಇಲಿಗಳು ತೂರಾಡುತ್ತಾ ನಡೆಯುತ್ತವೆ, ಆಗಾಗ ತಲೆ ಎತ್ತಿ ಆಕಾಶ ನೋಡುತ್ತವೆ. ಇನ್ನು ಕೆಲವು ಸಲ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ಕಲ್ಲಾಗಿಬಿಡುತ್ತವೆ, ಮಿದುಳಿನಲ್ಲಿ ಸದ್ದಿಲ್ಲದ ಮೂರ್ಛೆ ನಡೆದುಹೋಗುತ್ತದೆ, ಆಮೇಲೆ ಏನೂ ಆಗದ ಹಾಗೆ ಕಾಳು ತಿನ್ನುತ್ತವೆ. ಊಟ ಮಾಡುತ್ತಾ ಇದನ್ನು ಹೇಳುವಾಗ ಮೇಡಂ ಅಭಿನಯಿಸಿಯೂ ತೋರಿಸಿದರು. ತುತ್ತು ಬಾಯಿಯ ಹತ್ತಿರ ನಿಂತಿತು, ಕಣ್ಣು ಮೇಲಕ್ಕೆ ಹೋಯಿತು, ರೆಪ್ಪೆ ಪಟಪಟ ಅಂದಿತು, ಆಮೇಲೆ ತುತ್ತು ಬಾಯಿಗೆ ಹೋಯಿತು. ಎಲ್ಲರ ಜೊತೆ ನಾನೂ ನಕ್ಕೆ. ಮನೆಯಲ್ಲಿ ಅದೇ ವಾರ ನನ್ನ ಹೆಂಡತಿ ಮಗಳಿಗೆ, ತಟ್ಟೆ ಮುಂದೆ ಕೂತು ಕನಸು ಕಾಣುತ್ತೀಯಾ ಎಂದು ಬೈದಿದ್ದಳು.

ನಮ್ಮ ತೋಟ ದಂಡಿನಶಿವರದ ಹತ್ತಿರ. ನಮ್ಮಪ್ಪ ಅಲ್ಲೇ ಇದ್ದರು. ತೆಂಗಿನ ಸುಳಿ ನೋಡಿ ಫಸಲು ಹೇಳುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವರದು ದೊಡ್ಡ ಹೆಸರು. ತೋಟದ ಕಾಯಿಯನ್ನು ಮರದ ಮೇಲೇ ಕೊಳ್ಳಲು ಬರುವ ವ್ಯಾಪಾರಿಗಳೂ, ಮಾರುವ ರೈತರೂ, ಇಬ್ಬರೂ ಅವರನ್ನೇ ಕರೆಯುತ್ತಿದ್ದರು. ಅಪ್ಪ ಮರದ ಬುಡದಲ್ಲಿ ನಿಂತು, ಗರಿಗಳ ಸಂದಿನಲ್ಲಿ ಗೊನೆ ಗೊನೆಯಾಗಿ ಕಣ್ಣಾಡಿಸಿ, ಬುಡವನ್ನು ಅರ್ಧ ಸುತ್ತು ಹಾಕಿ ಒಂದು ಸಂಖ್ಯೆ ಹೇಳುತ್ತಿದ್ದರು. ಕಿತ್ತು ಎಣಿಸಿದಾಗ ಆಚೀಚೆ ಆಗುತ್ತಿದ್ದದ್ದು ಕಡಿಮೆ. ಈ ಕೆಲಸಕ್ಕೊಂದು ಕಟ್ಟುಪಾಡಿತ್ತು. ಸುಳಿ ನೋಡುತ್ತಾ ನಿಂತವರನ್ನು ಯಾರೂ ಮಾತಾಡಿಸಕೂಡದು. ಹಾವು ಹೋಗುತ್ತಿದ್ದರೆ ಮಾತ್ರ ಕೂಗಬಹುದು ಎಂದು ಅಪ್ಪ ಹೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ ನಡುವೆ ಬಾಯಿ ಹಾಕಿ ಬೆನ್ನಿಗೆ ತಿಂದಿದ್ದೇನೆ. ನನಗೆ ಆ ವಿದ್ಯೆ ಹತ್ತಲಿಲ್ಲ. ಹತ್ತಿದ್ದು ನನ್ನ ಮಗಳಿಗೆ, ಮೂರನೇ ಕ್ಲಾಸಿನ ಪುಟ್ಟಿಗೆ.

ಅವಳು ಸುಮಾರಾಗಿ ಸರಿಯಾಗಿಯೇ ಎಣಿಸುತ್ತಿದ್ದಳು. ಅಪ್ಪನಿಗೆ ಮೊಮ್ಮಗಳೆಂದರೆ ಜಂಭ. ಅವಳು ಆಟದ ನಡುವೆ ಇದ್ದಕ್ಕಿದ್ದ ಹಾಗೆ ನಿಂತು ಮೇಲೆ ನೋಡಿದರೆ ಅಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡು ನಮ್ಮನ್ನೆಲ್ಲ ಸುಮ್ಮನಾಗಿಸುತ್ತಿದ್ದರು. ಕೆಲವು ಸಲ ಸಂಖ್ಯೆ ಹೇಳುತ್ತಿದ್ದಳು, ಕೆಲವು ಸಲ ಏನೂ ಹೇಳದೆ ಆಟಕ್ಕೆ ಹೋಗುತ್ತಿದ್ದಳು. ಮಗು, ಮರೆತುಬಿಡುತ್ತದೆ ಎಂದುಕೊಳ್ಳುತ್ತಿದ್ದೆವು. ಇಸ್ಕೂಲಿನಲ್ಲಿ ಗಮನ ಕಡಿಮೆ ಎಂದು ಅವಳ ಮೇಷ್ಟ್ರು ದೂರಿದಾಗ ಅಪ್ಪ, ಕಿಟಕಿಯಿಂದ ತೆಂಗಿನಮರ ಕಾಣುವ ಕಡೆ ಕೂರಿಸಿದರೆ ಇನ್ನೇನು ಮಾಡುತ್ತಾಳೆ ಎಂದು ಅವಳ ಪರ ವಹಿಸಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಕಾಲೇಜಿನವರನ್ನೆಲ್ಲ ತೋಟಕ್ಕೆ ಕರೆದೆ. ಮುದ್ದೆ, ಅವರೆಕಾಳಿನ ಸಾರು, ಬೇಕಾದಷ್ಟು ಎಳನೀರು. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಕಾಲೇಜಿನಲ್ಲಿ ಮೇಡಂ ದೊಡ್ಡವರಾಗಿರಬಹುದು, ನನ್ನ ತೋಟದಲ್ಲಿ ನಾನು ದೊಡ್ಡವನು. ನನ್ನ ಅಪ್ಪ, ನನ್ನ ಮಗಳು, ನಮ್ಮ ಮನೆತನದ ವಿದ್ಯೆ ನೋಡಿಕೊಂಡು ಹೋಗಲಿ ಎಂದು.

ಊಟವಾದ ಮೇಲೆ ಅಪ್ಪ ಎಲ್ಲರನ್ನೂ ಬಾವಿಯ ಹತ್ತಿರದ ಮರದ ಕೆಳಗೆ ನಿಲ್ಲಿಸಿ ಪುಟ್ಟಿಯನ್ನು ಕರೆದರು. ಅವಳು ತಲೆ ಎತ್ತಿದಳು. ಮಾತೆಲ್ಲ ನಿಂತಿತು. ದೂರದಲ್ಲಿ ಪಂಪ್‌ಸೆಟ್ಟಿನ ಸದ್ದು ಬಿಟ್ಟರೆ ಏನಿಲ್ಲ. ಆ ಮೌನದಲ್ಲಿ ಮೇಡಂ ಆ ಉದ್ದನೆಯ ಹೆಜ್ಜೆ ಹಾಕಿ ಹೋದರು, ಪುಟ್ಟಿಯ ಮುಂದೆ ಮಂಡಿಯೂರಿ ಕೂತು ಅವಳ ಕಣ್ಣನ್ನೇ ನೋಡಿದರು, ಕಿವಿಯ ಹತ್ತಿರ ಬಾಯಿಟ್ಟು ಎಲ್ಲರಿಗೂ ಕೇಳಿಸುವ ಹಾಗೆ ಒಂದು ಮಾತು ಹೇಳಿದರು.

"ಕಪ್ಪೆ."

ಪುಟ್ಟಿ ಕದಲಲಿಲ್ಲ. ಅಪ್ಪನ ಮುಖ ಕೆಂಪಾಯಿತು.

"ಎಣಿಸೋವಾಗ ಮಾತಾಡಿಸ್ಬಾರ್ದು ಕಣಮ್ಮ. ಲೆಕ್ಕ ತಪ್ಪೋಯ್ತದೆ."

ಮೇಡಂ ಎದ್ದೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪುಟ್ಟಿ ಕಣ್ಣು ಕೆಳಗಿಳಿಸಿದಳು, ಎದುರಿಗೆ ಕೂತವರನ್ನು ಕಂಡು ಬೆಚ್ಚಿದಳು. ಮೇಡಂ ಅವಳ ಕೆನ್ನೆ ಸವರಿ, ನಾನು ಈಗ ನಿನಗೆ ಏನು ಹೇಳಿದೆ ಹೇಳು ಎಂದು ಕೇಳಿದರು. ನೀವು ಏನೂ ಹೇಳಲಿಲ್ಲ, ಈಗ ತಾನೇ ಬಂದಿರಿ ಎಂದಳು ಪುಟ್ಟಿ. ಕಾಯಿ ಎಷ್ಟಿದೆ ಎಂದು ಅಪ್ಪ ಕೇಳಿದರು. ಅವಳು, "ಯಾವ ಮರದಾಗೆ ತಾತ?" ಎಂದಳು.

ನಾನು ಕೋಪದಿಂದ ಕುದಿಯುತ್ತಿದ್ದೆ. ನನ್ನ ಪಾಠ ಹೋಯಿತು, ನನ್ನ ಸನ್ಮಾನ ಹೋಯಿತು, ಈಗ ನನ್ನ ತೋಟದಲ್ಲಿ ನನ್ನ ಅಪ್ಪನ ಮರ್ಯಾದೆಯನ್ನೂ ತೆಗೆದರು ಎಂದುಕೊಂಡೆ. ಅವರು ನನ್ನನ್ನು ಬಾವಿಯ ಆಚೆ ಕರೆದುಕೊಂಡು ಹೋದರು. ಯಾವಾಗಲೂ ಮಾತಿಗೆ ಮೊದಲು ನಗುವವರು ಅವತ್ತು ನಗಲಿಲ್ಲ.

"ಸಾರ್, ಅವಳು ಎಣಿಸ್ತಿರಲಿಲ್ಲ."

ರೆಪ್ಪೆ ಪಟಪಟಿಸಿದ್ದು ನೋಡಿದೆ, ಊಟದ ಹೊತ್ತಿನಲ್ಲೂ ಒಮ್ಮೆ ನೋಡಿದೆ ಎಂದರು. ನಿಮ್ಮ ಇಲಿಯ ಕಾಯಿಲೆ ನನ್ನ ಮಗಳಿಗೆ ಬಂದಿದೆ ಎನ್ನುತ್ತೀರಾ ಎಂದು ನಾನು ಒರಟಾಗಿಯೇ ಕೇಳಿದೆ. "ಇಲಿ ಬೇರೆ, ಮಕ್ಕಳು ಬೇರೆ ಸಾರ್. ಅದೇ ಕಾರಣ ಅಂತ ನಾನು ಹೇಳಲ್ಲ, ಹೇಳೋಕೆ ಬರೋದೂ ಇಲ್ಲ. ಆದ್ರೆ ಈ ನಿಂತುಹೋಗೋದನ್ನ ನಾನು ವರ್ಷಗಟ್ಟಲೆ ನೋಡಿದೀನಿ. ನಾಳೆನೇ ನರರೋಗದ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

ಅಪ್ಪನಾದ ನನಗೆ, ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ, ಅವರ ಅಭಿನಯ ನೋಡಿ ನಕ್ಕಿದ್ದ ನನಗೆ ಕಾಣದೆ ಇದ್ದದ್ದು ಒಂದು ಮುದ್ದೆ ಉಂಡು ಕೈ ತೊಳೆಯುವ ಹೊತ್ತಿನಲ್ಲಿ ಅವರಿಗೆ ಕಂಡಿತ್ತು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಭಯ ಬಂದದ್ದು ಅದರ ಹಿಂದೆ, ಬಂದ ಮೇಲೆ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ. ಮರುದಿನ ಬೆಳಿಗ್ಗೆಯ ರೈಲಿಗೇ ಬೆಂಗಳೂರಿಗೆ ಹೋದೆವು.

ಅಲ್ಲಿನ ಡಾಕ್ಟರು ಪುಟ್ಟಿಯ ತಲೆಗೆಲ್ಲ ತಂತಿ ಅಂಟಿಸಿ, ಕೈಗೆ ಒಂದು ಕಾಗದದ ಗಿರಗಿಟ್ಲೆ ಕೊಟ್ಟು ಜೋರಾಗಿ ಊದುತ್ತಾ ಇರು ಎಂದರು. ಅವಳು ಊದಿದಳು, ಗಿರಗಿಟ್ಲೆ ತಿರುಗಿತು, ನಾವು ನೋಡುತ್ತಿದ್ದ ಹಾಗೇ ಊದುವುದು ನಿಂತುಹೋಯಿತು. ಗಿರಗಿಟ್ಲೆ ನಿಧಾನವಾಗಿ ನಿಂತಿತು. ಯಂತ್ರದ ಸೂಜಿಗಳು ಕಾಗದದ ಮೇಲೆ ಎತ್ತರೆತ್ತರಕ್ಕೆ ಗೀಚುತ್ತಿದ್ದವು. ಅವಳ ಕಣ್ಣು ಛಾವಣಿಯ ಕಡೆ ಇತ್ತು. ಅಲ್ಲಿ ಎಣಿಸಲು ಏನೂ ಇರಲಿಲ್ಲ.

ಮಕ್ಕಳಿಗೆ ಬರುವ ಒಂದು ಬಗೆಯ ಸದ್ದಿಲ್ಲದ ಮೂರ್ಛೆ, ಮಾತ್ರೆ ತಪ್ಪಿಸಬೇಡಿ, ದೊಡ್ಡವಳಾದ ಹಾಗೆ ತಾನಾಗಿ ಬಿಟ್ಟುಹೋಗುವ ಸಾಧ್ಯತೆಯೇ ಹೆಚ್ಚು ಎಂದು ಧೈರ್ಯ ಹೇಳಿದರು. ಕೆರೆ, ಬಾವಿ, ರಸ್ತೆ ಹುಷಾರು ಎಂದೂ ಹೇಳಿದರು. ನಮ್ಮ ಬಾವಿಗೆ ಕಟ್ಟೆಯಿಲ್ಲ ಎಂಬುದು ನನಗೂ ಹೆಂಡತಿಗೂ ಒಟ್ಟಿಗೆ ನೆನಪಾಯಿತು. ಇಷ್ಟು ಸೂಕ್ಷ್ಮವಾದದ್ದನ್ನು ಮೊದಲು ಗುರುತಿಸಿದವರು ಯಾರು ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆಗೆಯುವುದರೊಳಗೆ ಹೆಂಡತಿ, ಇವರ ಕಾಲೇಜಿನ ಮೇಡಂ ಎಂದಳು. ನೀವು ಯಾವ ವಿಷಯ ಪಾಠ ಮಾಡುತ್ತೀರಿ ಎಂದು ಅವರು ನನ್ನನ್ನು ಕೇಳಿದರು. ಹೇಳಿದೆ. ಅವರು ಮುಂದೇನೂ ಕೇಳದೆ ಚೀಟಿ ಬರೆದರು.

ಊರಿಗೆ ಬಂದು ಅಪ್ಪನಿಗೆ ತಿಳಿಸಿದೆ. ಅವರು ಜಗಲಿಯ ಮೇಲೆ ಕೂತರು. "ನಾನು ಎಲ್ರ ಬಾಯಿ ಮುಚ್ಚಿಸ್ತಿದ್ದೆ ಕಣ್ಲಾ. ಯಾರಾದ್ರೂ ಒಂದ್ಸಲ ಮಾತಾಡ್ಸಿದ್ರೆ ಗೊತ್ತಾಗೋದು" ಎಂದರು. ಆ ವಾರವೇ ಬಾವಿಗೆ ಕಟ್ಟೆ ಕಟ್ಟಿಸಿದರು. ಪುಟ್ಟಿಗೆ ಮತ್ತೆ ಕಾಯಿ ಎಣಿಸಲು ಹೇಳಲಿಲ್ಲ.

ಮಾತ್ರೆ ಹಿಡಿಯಿತು. ಕೆಲವು ತಿಂಗಳಲ್ಲಿ ಅವಳು ನಿಂತುಹೋಗುವುದು ಕಡಿಮೆಯಾಗಿ, ಆಮೇಲೆ ಪೂರ್ತಿ ಬಿಟ್ಟುಹೋಯಿತು. ಆದರೆ ನಮ್ಮ ಭಯ ಬಿಡಲಿಲ್ಲ. ಅವಳು ತಲೆ ಎತ್ತಿದರೆ ಸಾಕು, ಮನೆಯವರಲ್ಲಿ ಯಾರಾದರೊಬ್ಬರು "ಕಪ್ಪೆ" ಎನ್ನುತ್ತಿದ್ದೆವು. ಅವಳು ತಕ್ಷಣ ತಲೆ ತಗ್ಗಿಸಿ "ಕಪ್ಪೆ" ಎಂದು ತಿರುಗಿ ಹೇಳಬೇಕು. ಊಟಕ್ಕೆ ಕೂತರೆ ಕಪ್ಪೆ, ಓದುತ್ತಾ ಕೂತರೆ ಕಪ್ಪೆ, ಹಬ್ಬದ ದಿನ ದೇವರ ಮುಂದೆ ಕಣ್ಣು ಮುಚ್ಚಿದರೆ ಅಲ್ಲೂ ಕಪ್ಪೆ. ಹಾಗಾಗಿ ಅವಳು ಮೇಲೆ ನೋಡುವುದನ್ನೇ ಬಿಟ್ಟಳು. ತೋಟಕ್ಕೆ ಬಂದರೆ ನೆಲ ನೋಡಿಕೊಂಡು ನಡೆಯುತ್ತಿದ್ದಳು. ಮಾತ್ರೆ ನಿಲ್ಲಿಸಿ ಬಹಳ ದಿನವಾದರೂ ಆ ಅಭ್ಯಾಸ ಹೋಗಲಿಲ್ಲ. ಅಪ್ಪ ಅದನ್ನು ನೋಡಿ ಒಳಗೇ ಕೊರಗುತ್ತಿದ್ದರು, ನಾನೂ ಕೊರಗುತ್ತಿದ್ದೆ. ತೆಂಗಿನ ತೋಟದಲ್ಲಿ ಹುಟ್ಟಿ ನೆಲ ನೋಡಿಕೊಂಡು ಬೆಳೆಯುವ ಮಗುವನ್ನು ನಾವೇ ಮಾಡಿದ್ದೆವು.

ಅವಳು ತಲೆ ಎತ್ತಿ ಮಾತಾಡುತ್ತಿದ್ದದ್ದು ಮೇಡಂ ಹತ್ತಿರ ಮಾತ್ರ. ಶನಿವಾರ ಮಧ್ಯಾಹ್ನ ಹೊನ್ನವಳ್ಳಿ ಬಸ್ಸು ಹತ್ತಿ ಅವರ ಮನೆಗೆ ಹೋಗಿಬಿಡುತ್ತಿದ್ದಳು. ಸಂಜೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತಿರುತ್ತಿದ್ದೆ. ಇಳಿದವಳು ದಾರಿಯುದ್ದಕ್ಕೂ ಮೇಡಂ ಹೀಗಂದರು, ಮೇಡಂ ಹಾಗಂದರು. ಮಿದುಳಿನ ಬಗ್ಗೆ ನಾನು ಏನಾದರೂ ಹೇಳಹೋದರೆ ಅದು ಹಳೇದಪ್ಪ ಎನ್ನುತ್ತಿದ್ದಳು. ಯಾರದಾದರೂ ಸುದ್ದಿ ಹೇಳಿದರೆ, ಜೊತೇಲಿ ಯಾರಿದ್ರು ಎಂದು ಕೇಳುತ್ತಿದ್ದಳು. ಮಗಳ ಬಾಯಲ್ಲಿ ಇನ್ನೊಬ್ಬರ ಮಾತು ಕೇಳುವ ಸಂಕಟ ಏನೆಂದು ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ. ನನ್ನ ಮಗಳನ್ನು ಉಳಿಸಿಕೊಟ್ಟವರು ಎಂದು ಕೃತಜ್ಞತೆ ಇತ್ತು, ನಿಜ. ಅದರ ಪಕ್ಕದಲ್ಲೇ ಇದೂ ಇತ್ತು. ಎರಡೂ ಒಂದೇ ಮನೆಯಲ್ಲಿ ಜಗಳವಾಡದೆ ಇದ್ದವು. ಅವರಿಗೆ ಬಾಯಿಬಿಟ್ಟು ಧನ್ಯವಾದ ಹೇಳಲು ನನ್ನಿಂದ ಆಗಲಿಲ್ಲ. ಬದಲಿಗೆ ಪ್ರತಿ ಯುಗಾದಿಗೆ ಅಟ್ಟದ ಮೇಲೆ ವರ್ಷವಿಡೀ ಒಣಗಿದ ಒಳ್ಳೆಯ ಕೊಬ್ಬರಿ ಒಂದು ಚೀಲ ಕಳಿಸುತ್ತಿದ್ದೆ. ಹೊನ್ನವಳ್ಳಿಯ ತೋಟದ ಮನೆಗೆ ಕೊಬ್ಬರಿ ಕಳಿಸುವವನು ನಾನೊಬ್ಬನೇ ಇರಬೇಕು. ಅವರು ನಗದೆ ತೆಗೆದುಕೊಳ್ಳುತ್ತಿದ್ದರು.

ಮೇಡಂ ಇನ್ನು ಕಾಲೇಜಿಗೆ ಬರುವುದಿಲ್ಲ ಎಂದು ಪ್ರಾಂಶುಪಾಲರು ಹೇಳಿದ ಮೇಲಿನ ಭಾನುವಾರ ನಾನು ಪೇಟೆಯಲ್ಲಿ ಒಂದು ಶಾಲು ಕೊಂಡೆ. ಪುಟ್ಟಿ ಈಗ ಪಿಯುಸಿ ಎರಡನೇ ವರ್ಷ, ನನ್ನ ಭುಜದೆತ್ತರ. ಇಬ್ಬರೂ ಹೊನ್ನವಳ್ಳಿಗೆ ಹೋದೆವು. ಮೇಡಂ ಪಡಸಾಲೆಯಲ್ಲಿ ಮಂಡಿಗೆ ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಒಂದು ಸಣ್ಣ ಭಾಷಣ ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಮೊದಲ ವಾಕ್ಯವೇ ಬರಲಿಲ್ಲ. ಶಾಲನ್ನು ಪುಟ್ಟಿಯ ಕೈಗೆ ಕೊಟ್ಟೆ, ಅವಳು ಹೊದಿಸಿದಳು. ಮೇಡಂ ಅವಳ ಎರಡೂ ಕೈಗಳನ್ನು ಹಿಡಿದು ತಮ್ಮ ಹೆಗಲ ಮೇಲೇ ಇಟ್ಟುಕೊಂಡು ನನ್ನ ಕಡೆ ನೋಡಿದರು.

"ಆ ಇಲಿಗಳನ್ನ ಅಷ್ಟು ವರ್ಷ ನೋಡಿದೆ ಸಾರ್. ಯಾವುದು ಕಮ್ಮಿ ಇದೆ ಅಂತ ಗೊತ್ತಿತ್ತು, ಆದ್ರೂ ಒಂದಕ್ಕೂ ವಾಸಿಯಾಗಿದ್ದು ನೋಡ್ಲಿಲ್ಲ. ಇವಳನ್ನ ನೋಡಿದೆ. ನೀವು ಒಂದು ದಿನಾನೂ ಮಾತ್ರೆ ತಪ್ಪಿಸದೆ ನೋಡ್ಕೊಂಡ್ರಿ. ಜೊತೇಲಿ ನೀವಿದ್ರಿ."

ನನಗೆ ಕಣ್ಣು ತುಂಬಿಕೊಂಡಿತು. ಆ ಸ್ಥಿತಿಯಲ್ಲೂ, ಈ ಮಾತನ್ನೂ ನಾನು ಹೇಳುವ ಮೊದಲು ಅವರೇ ಹೇಳಿಬಿಟ್ಟರಲ್ಲ ಎನಿಸಿತು.

ಆಮೇಲೆ ಹಿತ್ತಲಿನ ತೋಟಕ್ಕೆ ಹೋದೆವು. ಮೇಡಂ ಕೋಲು ಊರಿಕೊಂಡು ಹಿಂದೆ ಬಂದು ಕಲ್ಲಿನ ಮೇಲೆ ಕೂತರು. ಮಳೆಗಾಲದ ಮೊದಲ ಮೋಡ, ಗಾಳಿಗೆ ಗರಿ ಸದ್ದು ಮಾಡುತ್ತಿತ್ತು. ಪುಟ್ಟಿ ನಮಗಿಂತ ಮುಂದೆ ನಡೆಯುತ್ತಿದ್ದಳು, ಎಂದಿನಂತೆ ನೆಲ ನೋಡಿಕೊಂಡು. ಒಂದು ಹಳೆಯ ಎತ್ತರದ ಮರದ ಕೆಳಗೆ ನಿಂತಳು. ನಿಧಾನವಾಗಿ ತಲೆ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ನಾನು ಮೇಡಂ ಕಡೆ ನೋಡಿದೆ. ಅವರು ಅವಳನ್ನೇ ನೋಡುತ್ತಿದ್ದರು, ಬಾಯಿ ತೆಗೆಯುವ ಲಕ್ಷಣವಿರಲಿಲ್ಲ. ನನ್ನ ಕೈಲಿ ತಡೆಯಲಾಗಲಿಲ್ಲ. ಅವರ ಮಾತನ್ನೇ ಅವರ ಎದುರಿಗೇ ಮೆಲ್ಲಗೆ ಹೇಳಿದೆ.

"ಕಪ್ಪೆ."

ಪುಟ್ಟಿ ಕಣ್ಣು ಕೆಳಗಿಳಿಸಲಿಲ್ಲ. ಬುಡವನ್ನು ಅರ್ಧ ಸುತ್ತು ಹಾಕಿ, ಗರಿಯ ಸಂದಿನಿಂದ ಆಚೆಯ ಗೊನೆ ನೋಡುತ್ತಾ ಹೇಳಿದಳು.

"ಕಪ್ಪೆ ಅಂದಿದ್ದು ಕೇಳಿಸ್ತು. ಸುಮ್ನಿರಪ್ಪ, ಎಣಿಸ್ತಿದೀನಿ."